ನಿಮಗಿದು ಗೊತ್ತೇ? ಹಳೇ ಪಿ.ಸಿ., ಹಠಮಾರಿ ಡ್ರೈವರ್

● ಕೀಬೋರ್ಡಿಗೆ ಒಂದಕ್ಷರವೂ ಬರುವುದಿಲ್ಲ. ‘ಎ’ ಎಂದು ಅಚ್ಚಾಗಿರುವ ಕೀಲಿ ಒತ್ತಿದರೆ ಹಳೆಯ ಪಿ.ಸಿ.ಗೆ ತಲುಪುತ್ತಿದ್ದುದು 30 ಎಂಬ ಸಂಖ್ಯೆ. ಬೆರಳೆತ್ತಿದರೆ ಅದಕ್ಕೆ 128 ಕೂಡಿ 158. ‘ಕೆ’ಗೆ 37, ‘ಎಫ್’ಗೆ 33. ಇವೆಲ್ಲ ಕೀಲಿ ಕೂತಿರುವ ಜಾಗದ ನಂಬರುಗಳು, ಅಷ್ಟೆ. ಆ ನಂಬರು ಎತ್ತಿಕೊಂಡು ‘ಇದು ಇಂಥ ಅಕ್ಷರ’ ಎಂದು ತೀರ್ಮಾನಿಸುವ ಪುಟ್ಟ ಪ್ರೋಗ್ರಾಮಿಗೇ ಕೀಬೋರ್ಡ್ ಡ್ರೈವರ್ ಎಂದು ಹೆಸರು. ಅದನ್ನು ಬದಲಿಸಿದರೆ ಅದೇ ಇಂಗ್ಲಿಷ್ ಕೀಬೋರ್ಡು ಕನ್ನಡ ಬರೆಯುತ್ತದೆ. ಕನ್ನಡ ಕಂಪ್ಯೂಟರಿನೊಳಗೆ ಕಾಲಿಟ್ಟದ್ದೇ ಈ ಬಾಗಿಲಿನಿಂದ.

● ಇಂದು ಬೆಂಗಳೂರಿನ ಜಯನಗರದ ಸರ್ಕಾರಿ ಕಚೇರಿಯಲ್ಲಿ ಕೂತು ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡುವವರ ಬೆರಳ ತುದಿಯಲ್ಲಿರುವುದು ಕೆ.ಪಿ. ರಾವ್ ರೂಪಿಸಿದ ವಿನ್ಯಾಸ. ಕೆ.ಪಿ. ಎಂದರೆ ಕಿನ್ನಿಕಂಬಳ ಪದ್ಮನಾಭ; ಕಿನ್ನಿಕಂಬಳ ಮಂಗಳೂರಿನ ಕಡೆಯ ಊರು. ಅವರು ತಮ್ಮ ಕನ್ನಡ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ. ವಿನ್ಯಾಸದ ಜಾಣತನ ನೋಡಿ: ಕನ್ನಡದ ಅಷ್ಟೂ ಕಾಗುಣಿತ, ಒತ್ತಕ್ಷರಗಳು 26 ಇಂಗ್ಲಿಷ್ ಕೀಲಿ ಮತ್ತು ಶಿಫ್ಟ್‌ನಲ್ಲೇ ಮುಗಿಯುತ್ತವೆ. ‘ಅಕ್ಕ’ ಎನ್ನಲು ಎ, ಕೆ, ಎಫ್, ಕೆ. ನಡುವಿನ ಎಫ್ ಒತ್ತಕ್ಷರಕ್ಕೆ ಕೊಂಡಿ ಹಾಕುವ ಕೀಲಿ. ಯಂತ್ರದ ಕಿವಿಗೆ ಇದು ಬರೀ 30, 37, 33, 37. ಅಕ್ಕ ಎಲ್ಲಿ ಬಂದಳು ಎಂದು ಡ್ರೈವರನ್ನೇ ಕೇಳಬೇಕು.

● 1981ರಲ್ಲಿ ಐ.ಬಿ.ಎಂ. ಪಿ.ಸಿ. ಜೊತೆ ಬಂದ ಮೊದಲ ಡಾಸ್‌ಗೆ ಹೊರಗಿನವರು ಡ್ರೈವರ್ ಸೇರಿಸುವ ದಾರಿಯೇ ಇರಲಿಲ್ಲ. ಹೊಸ ಯಂತ್ರಭಾಗ ತಂದರೆ ಡಾಸ್‌ನ ಒಳಗನ್ನೇ ಬಿಚ್ಚಬೇಕಿತ್ತು. 1983ರ ಡಾಸ್ 2.0 ಬಂದಾಗ ಕಾನ್ಫಿಗ್.ಸಿಸ್ ಎಂಬ ಕಡತದಲ್ಲಿ ‘ಡಿವೈಸ್ =’ ಎಂದು ಒಂದು ಸಾಲು ಬರೆದರೆ ಸಾಕಾಯಿತು. ಮೌಸ್, ಸಿ.ಡಿ. ಡ್ರೈವ್, ಸೌಂಡ್ ಕಾರ್ಡ್‌ಗಳ ಕಾರ್ಖಾನೆಗಳು ಮೈಕ್ರೋಸಾಫ್ಟ್‌ನ ಅಪ್ಪಣೆ ಕೇಳದೆ ಪಿ.ಸಿ.ಗೆ ಸರಕು ಮಾಡಲು ಹೊರಟದ್ದು ಈ ಒಂದು ಸಾಲಿನ ಬಲದಿಂದ.

● ಡಾಸ್ ಡ್ರೈವರಿನ ತಲೆಬರಹ ಎಷ್ಟು ದೊಡ್ಡದು ಗೊತ್ತೇ? ಬರೀ 18 ಬೈಟ್. ಮುಂದಿನ ಡ್ರೈವರ್ ಎಲ್ಲಿದೆ ಎಂಬುದಕ್ಕೆ 4, ಗುಣಲಕ್ಷಣಕ್ಕೆ 2, ಎರಡು ಉಪಪ್ರೋಗ್ರಾಮುಗಳ ವಿಳಾಸಕ್ಕೆ ಎರಡೆರಡು, ಹೆಸರಿಗೆ 8. ಮುಗಿಯಿತು. ಇಡೀ ಡಾಸ್‌ನಲ್ಲಿ ಇದಕ್ಕಿಂತ ಅಚ್ಚುಕಟ್ಟಾದ 18 ಬೈಟ್ ನಾನಂತೂ ಕಂಡಿಲ್ಲ.

ವಿಚಿತ್ರವೆಂದರೆ ಆ ಎರಡು ಉಪಪ್ರೋಗ್ರಾಮುಗಳು. ಒಂದೇ ಕೆಲಸಕ್ಕೆ ಡಾಸ್ ಎರಡು ಸಲ ಕರೆಯುತ್ತದೆ. ಮೊದಲನೆಯದು ಹೋಟೆಲಿನ ಮಾಣಿ ಆರ್ಡರ್ ಚೀಟಿ ತೆಗೆದುಕೊಂಡು ಹೋದ ಹಾಗೆ: ಕೋರಿಕೆ ಎಲ್ಲಿದೆ ಎಂದು ಬರೆದಿಟ್ಟುಕೊಂಡು ವಾಪಸಾಗುತ್ತದೆ. ತಿಂಡಿ ಬರುವುದು ಎರಡನೆಯ ಕರೆಯಲ್ಲಿ. ಎರಡನೆಯದರ ಹೆಸರು ‘ಇಂಟರಪ್ಟ್’ ರೂಟೀನ್, ಆದರೆ ಇಂಟರಪ್ಟಿಗೂ (ಯಂತ್ರಭಾಗ ಪ್ರೊಸೆಸರನ್ನು ತಟ್ಟಿ ಕರೆಯುವುದು) ಅದಕ್ಕೂ ಸಂಬಂಧವಿಲ್ಲ. ಮಾಮೂಲಿ ಕರೆಯ ಹಾಗೆಯೇ ಬಂದು ಹೋಗುತ್ತದೆ. ಮುಂದೆಂದೋ ಡಾಸ್ ಹಲವು ಕೆಲಸ ಒಟ್ಟೊಟ್ಟಿಗೆ ಮಾಡುವ ಕಾಲ ಬರುತ್ತದೆಂದು ಹಾಕಿದ ಲೆಕ್ಕವಿದು. ಆ ಕಾಲ ಮಾಮೂಲಿ ಡಾಸ್‌ಗೆ ಬರಲೇ ಇಲ್ಲ, ಎರಡು ಕರೆ ಮಾತ್ರ ಕೊನೆತನಕ ಉಳಿದವು.

ಡ್ರೈವರುಗಳೆಲ್ಲ ಒಂದರ ಬಾಲ ಇನ್ನೊಂದು ಹಿಡಿದು ಸರಪಳಿಯಾಗಿ ನಿಲ್ಲುತ್ತವೆ. ಮೊದಲ ಜಾಗ ಸದಾ ‘ನಲ್’ ಎಂಬ ಡ್ರೈವರಿಗೆ. ಏನು ಕೊಟ್ಟರೂ ನುಂಗಿ ಸುಮ್ಮನಿರುವುದೇ ಅದರ ಉದ್ಯೋಗ. ಹೊಸದಾಗಿ ಬಂದವರು ಸಾಲಿನ ಕೊನೆಗೆ ಹೋಗದೆ ನಲ್‌ನ ಬೆನ್ನಿಗೇ ನಿಲ್ಲುತ್ತಾರೆ. ಡಾಸ್ ಹುಡುಕುವುದು ಮುಂದಿನಿಂದ. ಹಾಗಾಗಿ ನೀವು ‘ಕಾನ್’ ಎಂಬ ಹೆಸರಿನ ಡ್ರೈವರ್ ಬರೆದು ಸೇರಿಸಿದರೆ ಡಾಸ್‌ನ ಸ್ವಂತ ಕಾನ್ (ಪರದೆ ಮತ್ತು ಕೀಬೋರ್ಡು ನೋಡಿಕೊಳ್ಳುವುದು) ಹಿಂದೆ ಸರಿಯುತ್ತದೆ. ಬಣ್ಣದ ಅಕ್ಷರಗಳಿಗೆಂದು ಎಲ್ಲರೂ ಹಾಕಿಕೊಳ್ಳುತ್ತಿದ್ದ ಆನ್ಸಿ.ಸಿಸ್ ಮಾಡುತ್ತಿದ್ದುದು ಇದನ್ನೇ.

● ನಿಮ್ಮ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ‘ಕಾನ್’ ಎಂಬ ಹೆಸರಿನ ಫೋಲ್ಡರ್ ಮಾಡಲು ಹೋಗಿ (ಇಂಗ್ಲಿಷಿನಲ್ಲಿ ಮೂರಕ್ಷರ). ಆಗದು. ಪಿ.ಆರ್.ಎನ್., ಎ.ಯು.ಎಕ್ಸ್., ಎನ್.ಯು.ಎಲ್. ಕೂಡ ಆಗದು. ಕಾಲೇಜು ಹುಡುಗರು ಇದನ್ನೊಂದು ಮಾಟವೆಂಬಂತೆ ತೋರಿಸುತ್ತಿದ್ದರು. ಡಾಸ್ ಕಾಲದ ಡ್ರೈವರ್ ಹೆಸರುಗಳು ಅವು. ಹಳೆಯ ಪ್ರೋಗ್ರಾಮುಗಳು ಕೆಡದಿರಲೆಂದು ಮೈಕ್ರೋಸಾಫ್ಟ್ ಕಾದಿರಿಸಿಕೊಂಡು ಬಂದಿದೆ.

● ಡ್ರೈವರ್ ಬದಲಿಸಿದರೆ ಕನ್ನಡ ಬರುತ್ತದೆ ಎಂದೆನಲ್ಲ, ಒಳಕ್ಕೆ ಬರುವುದು ಸುಲಭ. ಪರದೆಯ ಮೇಲೆ ಕಾಣುವುದೇ ಕಷ್ಟ. ಪಿ.ಸಿ.ಯ ಅಕ್ಷರ ಪರದೆಯಲ್ಲಿ 25 ಸಾಲು, ಸಾಲಿಗೆ 80 ಮನೆ. ವಿ.ಜಿ.ಎ. ಕಾರ್ಡಿನಲ್ಲಿ ಒಂದು ಮನೆಯ ಅಕ್ಷರಕ್ಕೆ 8 ಚುಕ್ಕೆ ಅಗಲ, 16 ಚುಕ್ಕೆ ಎತ್ತರ. ಒಟ್ಟು ಆಕಾರಗಳು 256, ಬಹಳ ಹಿಂಡಿದರೆ 512. ಇಷ್ಟರಲ್ಲಿ ‘ಸ್ತ್ರೀ’ ಬರೆಯಿರಿ ನೋಡೋಣ. ಬಲಕ್ಕೆ ದೀರ್ಘ, ಕೆಳಗೆ ಎರಡು ಒತ್ತು. ಸಾಲದ್ದಕ್ಕೆ ವರ್ಡ್‌ಸ್ಟಾರ್, ಲೋಟಸ್‌ಗಳಂಥ ಪ್ರೋಗ್ರಾಮುಗಳು ವೇಗದ ಆಸೆಗೆ ಡಾಸ್ ಡ್ರೈವರನ್ನು ಕೇಳುತ್ತಲೇ ಇರಲಿಲ್ಲ. ಪರದೆಯ ಮೆಮೊರಿಗೇ ನೇರವಾಗಿ ಬರೆದುಬಿಡುತ್ತಿದ್ದವು. ನೀವು ಎಷ್ಟೇ ಚೆನ್ನಾದ ಕನ್ನಡ ಡ್ರೈವರ್ ಬರೆದರೂ ಅವು ಪಕ್ಕದ ಬೀದಿಯಲ್ಲಿ ಹೋಗಿಬಿಡುತ್ತಿದ್ದವು.

● ಇದಕ್ಕೆ ಪರಿಹಾರವಾಗಿ ಬಂದದ್ದು ಜಿಸ್ಟ್ ಕಾರ್ಡು. ಕಾನ್ಪುರದ ಐ.ಐ.ಟಿ.ಯಲ್ಲಿ ಮೋಹನ್ ತಾಂಬೆ ಮತ್ತು ಸಂಗಡಿಗರ ಕೆಲಸದಿಂದ ಹುಟ್ಟಿ, ಆಮೇಲೆ 1988ರಲ್ಲಿ ಪುಣೆಯಲ್ಲಿ ಶುರುವಾದ ಸಿ-ಡ್ಯಾಕ್‌ನಲ್ಲಿ ಬೆಳೆಯಿತು. ಪಿ.ಸಿ.ಯ ಹೊಟ್ಟೆಯೊಳಗೆ ಈ ಕಾರ್ಡು ಸಿಕ್ಕಿಸಿದರೆ ಇಂಗ್ಲಿಷಿಗೆಂದೇ ಬರೆದ ಡಿಬೇಸ್, ವರ್ಡ್‌ಸ್ಟಾರ್‌ಗಳಲ್ಲಿ ಕನ್ನಡ ಕಾಣುತ್ತಿತ್ತು. ಅಕ್ಷರ ಜೋಡಿಸುವ ಹೊಣೆಯನ್ನೆಲ್ಲ ಕಾರ್ಡೇ ಹೊರುತ್ತಿತ್ತು.

● ಜಿಸ್ಟ್ ಬಳಸಿದ್ದು ಇಸ್ಕಿ ಸಂಕೇತ. 1991ರಲ್ಲಿ ಅದು ಐ.ಎಸ್. 13194 ಎಂಬ ಭಾರತೀಯ ಮಾನಕವಾಯಿತು. ಅದರಲ್ಲಿ ಎಲ್ಲ ಭಾರತೀಯ ಲಿಪಿಗಳ ‘ಕ’ಗೂ ಒಂದೇ ನಂಬರು, ಆದ್ದರಿಂದ ಲಿಪಿ ಬದಲಾಯಿಸಲು ಕೀಲಿಯೊಂದನ್ನು ಒತ್ತಿದರೆ ಸಾಕು: ದೇವನಾಗರಿಯಲ್ಲಿದ್ದ ಹೆಸರಿನ ಪಟ್ಟಿ ಕನ್ನಡದಲ್ಲಿ ನಿಲ್ಲುತ್ತಿತ್ತು. ಯುನಿಕೋಡ್ ಆ ಜೋಡಣೆಯನ್ನೇ ಎತ್ತಿಕೊಂಡಿತು. ಇಂದಿಗೂ ನಿಮ್ಮ ಫೋನಿನಲ್ಲಿ ಕನ್ನಡದ ಕ ತನ್ನ ಲಿಪಿಯ ಸಾಲಿನಲ್ಲಿ ಎಷ್ಟನೆಯದೋ ದೇವನಾಗರಿಯ ಕ ತನ್ನ ಸಾಲಿನಲ್ಲಿ ಅಷ್ಟನೆಯದೇ.

● ಕನ್ನಡ ಡಿ.ಟಿ.ಪಿ.ಯ ಮೊದಲ ತಲೆಮಾರಿನವರು ‘ಪ್ರಕಾಶಕ್’ ತಂತ್ರಾಂಶವನ್ನು ಮರೆತಿರಲಾರರು. ಅದನ್ನು ತಂದ ಸೊನಾಟಾ ಸಾಫ್ಟ್‌ವೇರ್‌ನ ಕಚೇರಿ ಜಯನಗರಕ್ಕೆ ಕೂಗಳತೆಯ ಎನ್.ಆರ್. ಕಾಲೊನಿಯಲ್ಲಿ, ಬುಲ್ ಟೆಂಪಲ್ ರಸ್ತೆಯ ಎ.ಪಿ.ಎಸ್. ಟ್ರಸ್ಟ್ ಕಟ್ಟಡದಲ್ಲಿತ್ತು.

● ಈಗ ಪ್ರಿಂಟರಿಗೆ ಬರೋಣ. ನಿಜವಾದ ಗೋಳು ಇರುವುದು ಇಲ್ಲೇ. ಆಗಿನ ಅಂಗಡಿ, ಬ್ಯಾಂಕು, ಆಡಿಟರ್ ಕಚೇರಿಗಳಲ್ಲಿ ಕಿರುಗುಟ್ಟುತ್ತಿದ್ದುದು ವಿಪ್ರೋದ ಎಲ್.ಎಕ್ಸ್.-800 ಇಲ್ಲವೇ ಟಿ.ವಿ.ಎಸ್.ನ ಎಂ.ಎಸ್.ಪಿ. ಡಾಟ್ ಮ್ಯಾಟ್ರಿಕ್ಸ್. ಎರಡಕ್ಕೂ ಕರ್ನಾಟಕದ ನಂಟಿದೆ. ಎಪ್ಸನ್ ಮಾದರಿಯನ್ನು ತಂದ ವಿಪ್ರೋ ಬೆಂಗಳೂರಿನದು, ಟಿ.ವಿ.ಎಸ್. ಎಲೆಕ್ಟ್ರಾನಿಕ್ಸ್ ಕಾರ್ಖಾನೆ ತುಮಕೂರಿನದು. ಇಬ್ಬರೂ ಮಾತಾಡುತ್ತಿದ್ದುದು ಎಪ್ಸನ್ ಭಾಷೆ, ಹಾಗಾಗಿ ಒಂದಕ್ಕೆ ಬರೆದ ಡ್ರೈವರ್ ಇನ್ನೊಂದಕ್ಕೂ ನಡೆಯುತ್ತಿತ್ತು.

ಎಲ್.ಎಕ್ಸ್.-800ರ ತಲೆಯಲ್ಲಿ 9 ಸೂಜಿ. ಇಂಗ್ಲಿಷ್ ಅಕ್ಷರಗಳು ಪ್ರಿಂಟರಿನ ಒಳಗೇ ಇದ್ದವು, ಕನ್ನಡ ಇರಲಿಲ್ಲ. ಆದ್ದರಿಂದ ಕನ್ನಡ ಎಂದರೆ ಚಿತ್ರ. ಡ್ರೈವರ್ ಮೊದಲು 27 ಮತ್ತು 75 ಎಂಬ ಎರಡು ಬೈಟ್ ಕಳಿಸಿ ‘ಇನ್ನು ಬರುವುದು ಚಿತ್ರ’ ಎನ್ನಬೇಕು, ಎಷ್ಟು ಕಂಬಗಳೆಂದು ಇನ್ನೆರಡು ಬೈಟ್ ಹೇಳಬೇಕು. ಎಂಟಿಂಚು ಅಗಲದ ಸಾಲಿಗೆ ಇಂಚಿಗೆ 60ರಂತೆ 480 ಕಂಬ. ಬೈಟಿನಲ್ಲಿ 255ರ ಮೇಲೆ ಹಿಡಿಸದ ಕಾರಣ ಅದನ್ನು 224, 1 ಎಂದು ಒಡೆದು ಕಳಿಸುವುದು (1 ಎಂದರೆ 256). ಒಂದು ಬೈಟಿಗೆ ಎಂಟು ಚುಕ್ಕೆ ಎತ್ತರ. ಒತ್ತಕ್ಷರ ಬಿಡಿಸಿ ಓದಬೇಕಾದರೆ ಕನಿಷ್ಠ 24 ಚುಕ್ಕೆ ಬೇಕೆಂದುಕೊಳ್ಳಿ, ತಲೆ ಮೂರು ಸಲ ಓಡಬೇಕು. ಇಂಗ್ಲಿಷ್ ಬಿಲ್ಲಿನ ಮೂರು ಸಾಲು ಮುಗಿಯುವ ಹೊತ್ತಿಗೆ ಕನ್ನಡ ಬಿಲ್ಲಿನ ಒಂದು ಸಾಲು. ಕೌಂಟರಿನ ಮುಂದೆ ಗಿರಾಕಿ ಕಾಯುತ್ತಿದ್ದಾನೆ. ಅಂಗಡಿಯವರು ಇಂಗ್ಲಿಷ್ ಬಿಲ್ಲಿಗೆ ಒಲಿದದ್ದಕ್ಕೆ ಭಾಷಾಭಿಮಾನದ ಕೊರತೆಯನ್ನಷ್ಟೇ ದೂರಿ ಪ್ರಯೋಜನವಿಲ್ಲ.

● ಅದೇ ಪ್ರಿಂಟರಿನ ಇನ್ನೊಂದು ಕೀಟಲೆ: ಚಿತ್ರದ ಬೈಟುಗಳ ನಡುವೆ ಎಲ್ಲಾದರೂ 26 ಬಂದರೆ ಮುದ್ರಣ ಅಲ್ಲಿಗೇ ನಿಂತುಬಿಡುತ್ತಿತ್ತು. ಡಾಸ್‌ಗೆ 26 ಎಂದರೆ ‘ಕಡತ ಮುಗಿಯಿತು’. ಯಾವುದೋ ಅಕ್ಷರದ ಹೊಟ್ಟೆಯಲ್ಲಿ 26 ಆಗಲು ಬೇಕಾದ ಮೂರು ಚುಕ್ಕೆ ಸರಿಯಾದ ಜಾಗದಲ್ಲಿ ಬಿದ್ದರೆ ಸಾಕು, ಅರ್ಧ ಪದಕ್ಕೆ ಕಾಗದ ನಿಂತು ಪ್ರೋಗ್ರಾಮರ್ ತಲೆ ಕೆರೆದುಕೊಳ್ಳಬೇಕು. ‘ಇದು ಪಠ್ಯವಲ್ಲ, ಹಸಿ ಬೈಟು, ಮುಟ್ಟಬೇಡ’ ಎಂದು ಡಾಸ್‌ಗೆ ಮೊದಲೇ ತಿಳಿಸುವುದು ಮದ್ದು.

● ಹಳೆಯ ಫಾಕ್ಸ್‌ಪ್ರೋ, ಕ್ಲಿಪ್ಪರ್ ಬಿಲ್ಲಿಂಗ್ ಪ್ರೋಗ್ರಾಮುಗಳು ಎಲ್.ಪಿ.ಟಿ. 1 ಎಂಬ ದಪ್ಪ ಕೇಬಲ್ಲಿನ ಪೋರ್ಟಿಗೆ ಮಾತ್ರ ಬರೆಯಬಲ್ಲವು. ಹೊಸ ಪ್ರಿಂಟರುಗಳು ಯು.ಎಸ್.ಬಿ. ಆದಾಗ ಏನು ಮಾಡಿದರು? ಪ್ರಿಂಟರನ್ನು ಅದೇ ಕಂಪ್ಯೂಟರಿನಿಂದ ‘ಶೇರ್’ ಮಾಡಿ, ‘ನೆಟ್ ಯೂಸ್’ ಎಂಬ ಆಜ್ಞೆಯಿಂದ ಎಲ್.ಪಿ.ಟಿ. 1 ಎಂಬ ಹೆಸರನ್ನು ಅದಕ್ಕೇ ಕಟ್ಟಿದರು. ಕಂಪ್ಯೂಟರ್ ತನಗೆ ತಾನೇ ನೆಟ್‌ವರ್ಕಿನಲ್ಲಿ ಬಿಲ್ಲು ಕಳಿಸಿಕೊಳ್ಳುತ್ತದೆ! ಜಯನಗರ ನಾಲ್ಕನೇ ಬ್ಲಾಕಿನಂಥ ಕಡೆ ಅಂಗಡಿಗೆ ಸರ್ವೀಸಿಗೆ ಬರುವ ಹುಡುಗರಿಗೆ ಇದು ಬಾಯಿಪಾಠ. 64 ಬಿಟ್ ವಿಂಡೋಸ್ ಬಂದಮೇಲೆ 16 ಬಿಟ್‌ನ ಡಾಸ್ ಪ್ರೋಗ್ರಾಮು ಓಡುವುದೇ ನಿಂತಿತು, ಬಾಯಿಪಾಠಕ್ಕೆ ಡಾಸ್‌ಬಾಕ್ಸ್ ಸೇರಿಕೊಂಡಿತು.

● ಗಡಿಯಾರದ ಚಿಪ್ಪು ಡಾಸ್ ಯಂತ್ರವನ್ನು ಸೆಕೆಂಡಿಗೆ 18.2 ಸಲ ತಟ್ಟಿ ಎಬ್ಬಿಸುತ್ತಿತ್ತು. ಕೀಬೋರ್ಡು ಎಬ್ಬಿಸುವುದು 1ನೇ ಇಂಟರಪ್ಟ್ ಗೆರೆಯಿಂದ, ಪ್ರಿಂಟರ್ 7ರಿಂದ. ಮೊದಲ ಪಿ.ಸಿ.ಯಲ್ಲಿ ಇಂಥ ಗೆರೆಗಳು ಎಂಟೇ, 1984ರ ಎ.ಟಿ. ಮಾದರಿಯಲ್ಲಿ ಬಳಕೆಗೆ ಸಿಗುತ್ತಿದ್ದುದು 15. ಎರಡು ಕಾರ್ಡು ಒಂದೇ ಗೆರೆಗೆ ಕೂತರೆ ಜಗಳ. ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೌಂಡ್ ಕಾರ್ಡು ತಂದವರು ಅದರ ಮೈಮೇಲಿನ ಪುಟಾಣಿ ಜಂಪರುಗಳನ್ನು ಚಿಮಟದಲ್ಲಿ ಕಿತ್ತು 5ಕ್ಕೋ 7ಕ್ಕೋ ಕೂರಿಸುತ್ತಿದ್ದುದು ಇದಕ್ಕೇ. ವಿಂಡೋಸ್ 95ರ ‘ಪ್ಲಗ್ ಆ್ಯಂಡ್ ಪ್ಲೇ’ ಈ ಕಷ್ಟ ಕಳೆಯುತ್ತದೆಂದು ಡಂಗುರ ಸಾರಿತು. ಮೊದಮೊದಲು ಕಷ್ಟದ ರೂಪ ಬದಲಾಯಿತು, ಅಷ್ಟೆ.

● ಎನ್.ಇ. 2000 ಎಂಬ ನೆಟ್‌ವರ್ಕ್ ಕಾರ್ಡು ನೋವೆಲ್ ಕಂಪನಿಯ ಸಾಧಾರಣ ಸರಕು. ತೈವಾನಿನವರೆಲ್ಲ ಅದನ್ನೇ ನಕಲು ಮಾಡಿ ಅಗ್ಗಕ್ಕೆ ಮಾರಿದ್ದರಿಂದ ಅದರ ಒಂದು ಡ್ರೈವರ್ ಇದ್ದರೆ ಲೋಕದ ಅರ್ಧ ಕಾರ್ಡುಗಳು ಓಡುತ್ತಿದ್ದವು. ಯಾವ ಕಾರ್ಡು ಎಂದು ಗೊತ್ತಾಗದಿದ್ದರೆ ಮೊದಲು ‘ಎನ್.ಇ. 2000 ಕಂಪ್ಯಾಟಿಬಲ್’ ಹಾಕಿ ನೋಡುವುದು ಅಂದಿನ ರೂಢಿ.

● ಡ್ರೈವರ್ ಬರೆಯುವವರ ಮೇಜಿನ ಮೇಲೆ ಎರಡೆರಡು ಮಾನಿಟರ್ ಇರುತ್ತಿದ್ದುದು ಶೋಕಿಗಲ್ಲ. ಒಂಟಿಬಣ್ಣದ ಕಾರ್ಡಿನ ಮೆಮೊರಿ ಒಂದು ವಿಳಾಸದಲ್ಲಿ, ಬಣ್ಣದ ಕಾರ್ಡಿನದು ಇನ್ನೊಂದರಲ್ಲಿ. ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಬಾಳುತ್ತಿದ್ದವು. ಬಣ್ಣದ ಪರದೆಯಲ್ಲಿ ವಿಂಡೋಸ್ ಓಡುತ್ತಿದ್ದರೆ ಹಳೆಯ ಹಸಿರು ಪರದೆಯಲ್ಲಿ ಡ್ರೈವರಿನ ಒಳಗುಟ್ಟು ಇಣುಕುತ್ತಿತ್ತು. ಎರಡನೆಯ ಮಾನಿಟರಿಗೆ ದುಡ್ಡಿಲ್ಲದವರ ಉಪಾಯ: ಪರದೆಯ ಬಲ ಮೂಲೆಗೆ ಒಂದು ಅಕ್ಷರ ನೇರವಾಗಿ ಬರೆಯುವುದು. ‘1’ ಕಂಡರೆ ಇಲ್ಲಿತನಕ ಬಂದಿದೆ, ‘2’ ಕಾಣದಿದ್ದರೆ ಅಲ್ಲೆಲ್ಲೋ ಸತ್ತಿದೆ.

ಇಷ್ಟೆಲ್ಲ ಯಾಕೆಂದರೆ ಡ್ರೈವರಿನೊಳಗಿಂದ ಡಾಸ್‌ನ ಸಹಾಯ ಕೇಳುವಂತಿಲ್ಲ. ಡ್ರೈವರನ್ನು ಕರೆದಿರುವುದೇ ಡಾಸ್. ಅದು ವಾಪಸು ಡಾಸ್‌ನ್ನು ಕರೆದರೆ ಒಳಗಿನ ಲೆಕ್ಕವೆಲ್ಲ ಕಲಸಿಹೋಗುತ್ತದೆ. ಇಂಟರಪ್ಟ್ ಮುಗಿದ ಮೇಲೆ ‘ಮುಗಿಯಿತು’ ಎಂದು ನಿಯಂತ್ರಕ ಚಿಪ್ಪಿಗೆ ಒಂದು ಬೈಟ್ ಕಳಿಸಲು ಮರೆತರಂತೂ ಕೀಬೋರ್ಡು ಕೂಡ ಸ್ತಬ್ಧ. ಪವರ್ ಆರಿಸಿ ಹಾಕುವುದೊಂದೇ ದಾರಿ. ಕಾನ್ಫಿಗ್.ಸಿಸ್‌ನಲ್ಲೇ ಕೆಟ್ಟ ಡ್ರೈವರ್ ಕೂತಿದ್ದರೆ ಮತ್ತೆ ಅದೇ ಹೊಂಡ. ಆದ್ದರಿಂದ ಜೇಬಿನಲ್ಲಿ ಸದಾ ಒಂದು ಬೂಟ್ ಫ್ಲಾಪಿ. ಎಫ್5 ಒತ್ತಿ ಎಲ್ಲ ಡ್ರೈವರ್ ಬಿಟ್ಟು ಏಳುವ ಸೌಕರ್ಯ ಬಂದದ್ದು 1993ರ ಡಾಸ್ 6ರಲ್ಲಿ.

● ಡಾಸ್‌ನ ಮಿತವ್ಯಯಕ್ಕೊಂದು ಉದಾಹರಣೆ. ಮೊದಲ ಸಲ ಯಂತ್ರವನ್ನು ಅಣಿಗೊಳಿಸುವ ಭಾಗವನ್ನು ಡ್ರೈವರಿನ ಕೊನೆಯಲ್ಲಿ ಬರೆಯುತ್ತಿದ್ದರು. ಕೆಲಸ ಮುಗಿದೊಡನೆ ‘ನನಗೆ ಇಲ್ಲಿತನಕ ಜಾಗ ಸಾಕು’ ಎಂದು ಡ್ರೈವರೇ ಹೇಳುತ್ತಿತ್ತು. ಮಿಕ್ಕದ್ದನ್ನು ಡಾಸ್ ಬೇರೆಯವರಿಗೆ ಕೊಡುತ್ತಿತ್ತು. ಎಲ್ಲರಿಗೂ ಸೇರಿ ಇದ್ದದ್ದು 640 ಕಿಲೋಬೈಟ್. ವಾಟ್ಸ್ಆ್ಯಪ್‌ನ ಒಂದು ‘ಗುಡ್ ಮಾರ್ನಿಂಗ್’ ವಿಡಿಯೊ ಅದಕ್ಕಿಂತ ದೊಡ್ಡದಿರುತ್ತದೆ.

● ‘ಫೈರ್’, ‘ಹೆಲ್ಪ್’. ಕರ್ನಾಟಕದಲ್ಲಿ ಇಂಜಿನಿಯರಿಂಗ್ ಓದಿದ ಒಂದು ಇಡೀ ಪೀಳಿಗೆಗೆ ಈ ಎರಡು ಪದ ಒಟ್ಟಿಗೆ ಕೇಳಿದರೆ ನಗು ಬರುತ್ತದೆ. ತಾಂತ್ರಿಕ ವಿಶ್ವವಿದ್ಯಾಲಯ ವಿ.ಟಿ.ಯು.ವಿನ 2006ರ ಪಠ್ಯಕ್ರಮದಲ್ಲಿ ನಾಲ್ಕನೇ ಸೆಮಿಸ್ಟರಿಗೆ ಮೈಕ್ರೊಪ್ರೊಸೆಸರ್ ಲ್ಯಾಬ್ ಇತ್ತು. ಏಳು ಗೆರೆಯ ದೀಪಫಲಕದ ಮೇಲೆ ಈ ಪದಗಳನ್ನು ಒಂದಾದಮೇಲೊಂದು ಮಿನುಗಿಸುವುದು, ಸ್ಟೆಪ್ಪರ್ ಮೋಟಾರ್ ತಿರುಗಿಸುವುದು, ಆಟದ ಲಿಫ್ಟ್ ಏರಿಸಿ ಇಳಿಸುವುದು ಅದರ ಪ್ರಯೋಗಗಳು. ಬರೆಯಬೇಕಾದದ್ದು 8086 ಅಸೆಂಬ್ಲಿಯಲ್ಲಿ, ಮಾಸ್ಮ್ ಅಥವಾ ಟಾಸ್ಮ್ ಬಳಸಿ, ಡಾಸ್ ಪರದೆಯಲ್ಲಿ. ಬನಶಂಕರಿ ಎರಡನೇ ಹಂತದ ಬಿ.ಎನ್.ಎಂ.ಐ.ಟಿ.ಯೇ ಇರಲಿ, ಬೀದರಿನ ಕಾಲೇಜೇ ಇರಲಿ, ಲ್ಯಾಬಿನ ಮ್ಯಾನುಯಲ್ ಒಂದೇ. 8255 ಎಂಬ ಚಿಪ್ಪಿಗೆ 128 ಎಂಬ ಬೈಟ್ ಕೊಟ್ಟರೆ ಅದರ ಮೂರೂ ಪೋರ್ಟುಗಳು ಹೊರಮುಖವಾಗುತ್ತವೆ. ಆಮೇಲೆ ನೀವು ಬರೆದದ್ದೇ ತಂತಿಯ ಮೇಲೆ ವಿದ್ಯುತ್ತು.

ಹೆಸರು ಇಡದಿದ್ದರೂ ಇದು ಡ್ರೈವರ್ ಬರವಣಿಗೆಯ ಅಕ್ಷರಾಭ್ಯಾಸವೇ. ಮೂವತ್ತು ವರ್ಷ ಹಳೆಯ ತಂತ್ರ ಕಲಿಸುತ್ತಾರೆಂದು ಆ ಲ್ಯಾಬನ್ನು ಬೈದವರು ಬಹಳ. ನನಗೆ ಮಾತ್ರ ಅದರ ಬಗ್ಗೆ ಮಮತೆ: ನಾವು ಬರೆದ ಒಂದು ಸಾಲಿಗೆ ಮೋಟಾರಿನ ಹಲ್ಲು ಟಕ್ಕೆಂದು ಒಂದು ಹೆಜ್ಜೆ ಜರುಗುವುದನ್ನು ಕಣ್ಣಾರೆ ಕಂಡವರಿಗೆ ಕಂಪ್ಯೂಟರ್ ಎಂದೂ ಮಂತ್ರದ ಪೆಟ್ಟಿಗೆಯಾಗಿ ಉಳಿಯುವುದಿಲ್ಲ.

● ಅಂಥ ಲ್ಯಾಬುಗಳಲ್ಲಿ ವಿಂಡೋಸ್ 98ರ ಯಂತ್ರಗಳನ್ನು ಜೋಪಾನ ಮಾಡಿ ಇಟ್ಟುಕೊಳ್ಳುತ್ತಿದ್ದುದಕ್ಕೆ ಕಾರಣವಿತ್ತು. 98ರಲ್ಲಿ ಯಾವ ಪ್ರೋಗ್ರಾಮು ಬೇಕಾದರೂ ಪೋರ್ಟಿಗೆ ನೇರ ಬರೆಯಬಹುದು. ಎನ್.ಟಿ. ವಂಶದ ಎಕ್ಸ್.ಪಿ.ಯಲ್ಲಿ ಅದೇ ಸಾಲು ಬರೆದರೆ ಪ್ರೊಸೆಸರೇ ತಡೆದು ಪ್ರೋಗ್ರಾಮನ್ನು ಹೊರಗಟ್ಟುತ್ತದೆ. ಪೋರ್ಟ್ ಮುಟ್ಟುವ ಹಕ್ಕು ಡ್ರೈವರಿಗೆ ಮಾತ್ರ. ಈ ಕೋಟೆಗೆ ಕಿಂಡಿ ಕೊರೆದದ್ದು ‘ಗಿವ್‌ಐಒ’ ಎಂಬ ಚಿಕ್ಕ ಡ್ರೈವರ್, ಡೇಲ್ ರಾಬರ್ಟ್ಸ್ ಬರೆದು 1996ರಲ್ಲಿ ಡಾಕ್ಟರ್ ಡಾಬ್ಸ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಕೇಳಿದ ಪ್ರೋಗ್ರಾಮಿಗೆ ಪೋರ್ಟುಗಳನ್ನು ತೆರೆದುಕೊಡುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇಲ್ಲ.

● ಇಂಟೆಲ್ 386ರಲ್ಲಿ ಅಧಿಕಾರದ ನಾಲ್ಕು ವರ್ತುಲಗಳಿವೆ, 0ಯಿಂದ 3. ವಿಂಡೋಸ್ ಬಳಸಿದ್ದು ಎರಡನ್ನೇ: ನಮ್ಮ ನಿಮ್ಮ ಪ್ರೋಗ್ರಾಮು 3ರಲ್ಲಿ, ಡ್ರೈವರ್ 0ಯಲ್ಲಿ. ಸೊನ್ನೆಯಲ್ಲಿ ತಪ್ಪು ಮಾಡಿದರೆ ತಡೆಯುವವರಿಲ್ಲ. ವಿಂಡೋಸ್ 95 ಕುಸಿದಾಗ ಬರುತ್ತಿದ್ದ ನೀಲಿ ಪರದೆಯಲ್ಲಿ ಪದೇ ಪದೇ ಕಾಣುತ್ತಿದ್ದ ‘0028’ ನೆನಪಿದೆಯೇ? ಅದು ತಪ್ಪು ನಡೆದ ಜಾಗದ ಗುರುತು. 0028 ಇದ್ದರೆ ಸೊನ್ನೆ ವರ್ತುಲ ಎಂದರ್ಥ. ತಪ್ಪಿತಸ್ಥ ಸಾಮಾನ್ಯವಾಗಿ ವಿ.ಎಕ್ಸ್.ಡಿ. ಎಂಬ ಜಾತಿಯ ಯಾವುದೋ ಡ್ರೈವರ್.

● 1998ರ ಏಪ್ರಿಲ್ 20ರಂದು ಶಿಕಾಗೋದ ಕಾಮ್‌ಡೆಕ್ಸ್ ಮೇಳದಲ್ಲಿ, ಬಿಲ್ ಗೇಟ್ಸ್ ಪಕ್ಕದಲ್ಲೇ ನಿಂತಿರುವಾಗ, ಅವರ ಕಂಪನಿಯವರೊಬ್ಬರು ವಿಂಡೋಸ್ 98ಕ್ಕೆ ಯು.ಎಸ್.ಬಿ. ಸ್ಕ್ಯಾನರ್ ಸಿಕ್ಕಿಸಿ ತೋರಿಸಲು ಹೋದರು. ನೀಲಿ ಪರದೆ. ಸಭೆಯಲ್ಲಿ ಚಪ್ಪಾಳೆ.

● 2003ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ವರದಿ ಮಾಡಿದಂತೆ ವಿಂಡೋಸ್ ಎಕ್ಸ್.ಪಿ. ಕುಸಿತಗಳಲ್ಲಿ ಶೇ 85ಕ್ಕೆ ಡ್ರೈವರುಗಳೇ ಹೊಣೆ. ಲಿನಕ್ಸ್ ಏನೂ ಕಡಿಮೆಯಿಲ್ಲ: ಅದರ ತಿರುಳಾದ ಕರ್ನಲ್‌ನ ಉಳಿದ ಭಾಗಕ್ಕೆ ಹೋಲಿಸಿದರೆ ಡ್ರೈವರುಗಳಲ್ಲಿ ತಪ್ಪಿನ ಪ್ರಮಾಣ ಮೂರರಿಂದ ಏಳು ಪಟ್ಟು ಎಂದು 2001ರ ಸ್ಟ್ಯಾನ್‌ಫರ್ಡ್ ಅಧ್ಯಯನ ಕಂಡುಕೊಂಡಿತು. ಕಾರಣ ಊಹಿಸಲು ಕಷ್ಟವಿಲ್ಲ. ಕರ್ನಲ್ ಬರೆಯುವವರು ಅದರಲ್ಲೇ ಮುಳುಗಿರುವ ಕೆಲವರು. ಡ್ರೈವರ್ ಬರೆಯುವುದು ಮುಂದಿನ ತಿಂಗಳು ಕಾರ್ಡು ಮಾರುಕಟ್ಟೆಗೆ ಹೋಗಬೇಕೆಂಬ ಅವಸರದಲ್ಲಿರುವ ಕಾರ್ಖಾನೆ.

● ಡ್ರೈವರನ್ನು ಓಡಿಸದೆಯೇ, ಓದಿಯೇ ತಪ್ಪು ಹಿಡಿಯುವ ಸಾಧನವೊಂದಿತ್ತು. ‘ಬೀಗ ಹಾಕಿದವನು ತೆಗೆಯಬೇಕು, ಹಾಕಿದ ಬೀಗವನ್ನೇ ಮತ್ತೆ ಹಾಕಬಾರದು’ ಎಂಬಂಥ ನಿಯಮಗಳನ್ನು ಕೊಟ್ಟರೆ ಪ್ರೋಗ್ರಾಮಿನ ಎಲ್ಲ ದಾರಿಗಳನ್ನೂ ಗಣಿತದಿಂದ ಸೋಸುತ್ತಿತ್ತು. ‘ಸ್ಲ್ಯಾಮ್’ ಎಂಬ ಈ ಯೋಜನೆಯನ್ನು ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಶುರುಮಾಡಿದವರು ಟಾಮ್ ಬಾಲ್ ಮತ್ತು ಶ್ರೀರಾಮ್ ರಾಜಮಣಿ. ಅದರಿಂದ ಹುಟ್ಟಿದ ‘ಸ್ಟ್ಯಾಟಿಕ್ ಡ್ರೈವರ್ ವೆರಿಫೈಯರ್’ ಮೈಕ್ರೋಸಾಫ್ಟ್ ಡ್ರೈವರ್ ಬರಹಗಾರರಿಗೆ ಕೊಡುವ ಗಂಟಿನೊಳಗೇ ಸೇರಿತು. ರಾಜಮಣಿ ಆಮೇಲೆ ಬೆಂಗಳೂರಿಗೆ ಬಂದು, 2005ರಲ್ಲಿ ಇಲ್ಲಿ ಆರಂಭವಾದ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ಮುಖ್ಯಸ್ಥರಾದರು.

● ಬಟ್ಟೆ ಅಂಗಡಿ, ಮನೆಗಳ ನಡುವಿನ ಬನಶಂಕರಿ ಎರಡನೇ ಹಂತದ 27ನೇ ಅಡ್ಡರಸ್ತೆಯಲ್ಲಿ ಮೈಂಡ್‌ಟ್ರೀ ಕಂಪನಿಯ ಕಚೇರಿಯಿತ್ತು. 1999ರಲ್ಲಿ ಶುರುವಾದ ಈ ಕಂಪನಿ ಮಾಡಿದ್ದು ‘ಈಥರ್‌ಮೈಂಡ್’ ಎಂಬ ಬ್ಲೂಟೂತ್ ತಂತ್ರಾಂಶ. ಬೇರೆಯವರ ಚಿಪ್ಪುಗಳ ಮೇಲೆ ಕೂತು ಕೆಲಸ ಮಾಡುವ ಸರಕಾದ್ದರಿಂದ ಅದರ ಮೇಲೆ ಬೆಂಗಳೂರಿನ ಮುದ್ರೆ ಯಾರಿಗೂ ಕಾಣುತ್ತಿರಲಿಲ್ಲ.

● ಲಿನಕ್ಸ್ ಕರ್ನಲ್‌ನ ಅರ್ಧಕ್ಕೂ ಹೆಚ್ಚು ಭಾಗ ಡ್ರೈವರುಗಳೇ. ಬಿ.ಟಿ.ಎಂ. ಲೇಔಟಿನ (ಭೈರಸಂದ್ರ, ತಾವರೆಕೆರೆ, ಮಡಿವಾಳ) ಎಂಬೆಡೆಡ್ ತರಬೇತಿ ಕೇಂದ್ರಗಳಲ್ಲಿ ಮೊದಲ ವಾರ ಬರೆಸುವ ‘ಹಲೋ ವರ್ಲ್ಡ್’ ಕೂಡ ಲಿನಕ್ಸ್ ಮಾಡ್ಯೂಲೇ. ಒಂದು ಆಜ್ಞೆಗೆ ಕರ್ನಲ್ ಒಳಕ್ಕೆ, ಇನ್ನೊಂದಕ್ಕೆ ಹೊರಕ್ಕೆ, ಯಂತ್ರ ಆರಿಸಬೇಕಿಲ್ಲ. ಬೂಟ್ ಫ್ಲಾಪಿಯ ಕಾಲದವರು ಇದನ್ನು ಕಂಡು ಹೊಟ್ಟೆಕಿಚ್ಚು ಪಡಬೇಕು.

● ‘ಡಾಸ್ ಲ್ಯಾಪ್‌ಟಾಪ್’ ಎಂದು ಅಂಗಡಿಗಳಲ್ಲಿ ಅಗ್ಗಕ್ಕೆ ಮಾರುತ್ತಿದ್ದುದರೊಳಗೆ ಇರುತ್ತಿದ್ದುದು ಬಹುಪಾಲು ಫ್ರೀಡಾಸ್, 1994ರಲ್ಲಿ ಜಿಮ್ ಹಾಲ್ ಎಂಬ ವಿದ್ಯಾರ್ಥಿ ಆರಂಭಿಸಿದ ಉಚಿತ ಡಾಸ್. ಕೊಂಡವರು ಮನೆಗೆ ಹೋಗಿ ಎಕ್ಸ್.ಪಿ. ಹಾಕಲು ಕೂತರೆ ‘ಹಾರ್ಡ್ ಡಿಸ್ಕೇ ಇಲ್ಲ’ ಎಂಬ ಉತ್ತರ. ಹೊಸ ಸಾಟಾ ಡಿಸ್ಕಿನ ಡ್ರೈವರ್ ಎಕ್ಸ್.ಪಿ.ಯಲ್ಲಿರಲಿಲ್ಲ. ಎಫ್6 ಒತ್ತಿ ಡ್ರೈವರ್ ಕೊಡಿ ಎನ್ನುತ್ತಿತ್ತು, ಅದೂ ಫ್ಲಾಪಿಯಲ್ಲೇ ಕೊಡಬೇಕು. ಲ್ಯಾಪ್‌ಟಾಪಿನಲ್ಲಿ ಫ್ಲಾಪಿ ಡ್ರೈವ್ ಎಲ್ಲಿಂದ ಬರಬೇಕು? ಬಯೋಸ್‌ನಲ್ಲಿ ಡಿಸ್ಕನ್ನು ಹಳೆಯ ಐ.ಡಿ.ಇ. ವೇಷಕ್ಕೆ ಬದಲಿಸುವುದು ರಿಪೇರಿಯವರ ಗುಟ್ಟು. ಅಷ್ಟಕ್ಕೇ ಮುನ್ನೂರೋ ನಾನೂರೋ ರೂಪಾಯಿ.

● ವಿಂಡೋಸ್ ಎಕ್ಸ್.ಪಿ. (2001) ತುಂಗಾ ಫಾಂಟಿನೊಡನೆ ಕನ್ನಡವನ್ನು ತಾನೇ ತರುವ ತನಕ ವಿಂಡೋಸಿಗೆ ಕನ್ನಡವೇ ಗೊತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ತಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ ಎರಡೂ ಕೀಬೋರ್ಡಿನಿಂದ ಬಂದದ್ದನ್ನು ದಾರಿಯಲ್ಲೇ ಹಿಡಿದು, ಇಂಗ್ಲಿಷ್ ಜಾಗಗಳಲ್ಲಿ ಕೂರಿಸಿದ ಕನ್ನಡದ ತುಂಡುಗಳನ್ನು ಜೋಡಿಸುತ್ತಿದ್ದವು. ಫಾಂಟಿಲ್ಲದ ಯಂತ್ರದಲ್ಲಿ ಹಳೆಯ ನುಡಿ ಕಡತ ತೆರೆದರೆ ‘ನ’ ಇರಬೇಕಾದ ಕಡೆಯಲ್ಲೆಲ್ಲ ಬ್ರಿಟಿಷ್ ಪೌಂಡಿನ ಚಿಹ್ನೆ ಕಾಣುವುದು ಇದರಿಂದ. ಸರ್ಕಾರಿ ಸುತ್ತೋಲೆಯಲ್ಲಿ ಅಷ್ಟೊಂದು ಪೌಂಡು ಕಂಡು ಗಾಬರಿಯಾಗಬೇಡಿ.

● 2024ರ ಜುಲೈ 19ರಂದು ಲೋಕದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಕ್ರೌಡ್‌ಸ್ಟ್ರೈಕ್ ಎಂಬ ಕಾವಲು ತಂತ್ರಾಂಶದ ಡ್ರೈವರ್, ಸೊನ್ನೆ ವರ್ತುಲದಲ್ಲಿ, 20 ಅಂಶಗಳಿದ್ದ ಪಟ್ಟಿಯಲ್ಲಿ 21ನೆಯದನ್ನು ಓದಲು ಹೋಗಿತ್ತು.

● ಕೊನೆಯದಾಗಿ ಕಾಫಿ. ನಿಂತು ತಿನ್ನುವ ದರ್ಶಿನಿಗಳಿಗೆ ಆ ಹೆಸರು ಕೊಟ್ಟ ಕೆಫೆ ದರ್ಶಿನಿ ಶುರುವಾದದ್ದು ಜಯನಗರದಲ್ಲಿ, 1983ರಲ್ಲಿ. ಡಾಸ್‌ಗೆ ಡ್ರೈವರ್ ಸೇರಿಸುವ ಸೌಲಭ್ಯ ಬಂದದ್ದೂ ಅದೇ ವರ್ಷ. ಈಗಿನ ದರ್ಶಿನಿಗಳ ಕೌಂಟರಿನಲ್ಲಿರುವ ಅಂಗೈಯಗಲದ ಥರ್ಮಲ್ ಪ್ರಿಂಟರುಗಳೂ ಎಪ್ಸನ್ ಭಾಷೆಯ ಮರಿಯನ್ನೇ ಆಡುತ್ತವೆ. ಟೋಕನ್ನಿನ ಮೇಲೆ ‘ಖಾಲಿ ದೋಸೆ’ ಎಂದು ಕನ್ನಡದಲ್ಲಿ ಬಂದರೆ ಅದು ಇವತ್ತಿಗೂ ಬಹುಮಟ್ಟಿಗೆ ಚಿತ್ರವೇ. ಇನ್ನು ದುಡ್ಡಿನ ಗಲ್ಲಾಪೆಟ್ಟಿಗೆ. ಅದರ ತಂತಿ ಹೋಗುವುದು ಕಂಪ್ಯೂಟರಿಗಲ್ಲ, ಪ್ರಿಂಟರಿನ ಬೆನ್ನಿಗೆ. ಬಿಲ್ಲಿನ ಬಾಲಕ್ಕೆ 27, 112 ಎಂದು ಶುರುವಾಗುವ ಐದು ಬೈಟ್ ಸೇರಿಸಿದರೆ ಪ್ರಿಂಟರು ಒಂದು ವಿದ್ಯುತ್ ತಟ್ಟು ಕೊಡುತ್ತದೆ, ಗಲ್ಲಾ ಠಣ್ಣೆಂದು ತೆರೆದುಕೊಳ್ಳುತ್ತದೆ. ಬಿಲ್ಲಿಲ್ಲದೆ ಬರೀ ಆ ಐದು ಬೈಟ್ ಕಳಿಸಿದರೂ ತೆರೆಯುತ್ತದೆ. ಮಾಲೀಕರಿಗೆ ಇದು ತಿಳಿದಿರುವುದು ಒಳ್ಳೆಯದು. ಗಲ್ಲಾದ ಹುಡುಗನಿಗೆ ಹೇಳಬೇಡಿ.